ಮೂಲವಿಲ್ಲದ ಸಂಖ್ಯೆ: ಮಹಾವೀರಾಚಾರ್ಯನ ಬದುಕು ಮತ್ತು ವರ್ಗಗಣಿತ

ಹೈದರಾಬಾದು ಸಂಸ್ಥಾನದ ಕಾಲದಲ್ಲಿ ಹುಮನಾಬಾದಿನಲ್ಲಾಗಲಿ, ಆಗ ಕಲ್ಯಾಣಿ ಎನ್ನಿಸಿಕೊಂಡಿದ್ದ ಇಂದಿನ ಬಸವಕಲ್ಯಾಣದಲ್ಲಾಗಲಿ ಸರ್ಕಾರಿ ಶಾಲೆಯ ಮೇಲಿನ ತರಗತಿಗಳಲ್ಲಿ ಗಣಿತ ಕಲಿತವರಿಗೆ ಸಂಖ್ಯೆಯೊಂದನ್ನು ಅದರಿಂದಲೇ ಗುಣಿಸಿದರೆ ಬರುವುದು ಮುರಬ್ಬಾ. ಅದರ ಬೇರು ಜಜ್ರ್. ಕಲಿಕೆಯ ಮಾಧ್ಯಮ ಉರ್ದುವಾಗಿದ್ದುದೇ ಇದಕ್ಕೆ ಕಾರಣ. 1948ರಲ್ಲಿ ನಿಜಾಮರ ಆಳ್ವಿಕೆ ಕೊನೆಗೊಂಡು, 1956ರಲ್ಲಿ ಬೀದರ ಜಿಲ್ಲೆ ವಿಶಾಲ ಮೈಸೂರು ರಾಜ್ಯವನ್ನು ಸೇರಿದ ಬಳಿಕ ಆ ಜಾಗಕ್ಕೆ ವರ್ಗ, ವರ್ಗಮೂಲ ಎಂಬ ಪದಗಳು ಬಂದವು. ಬೆಂಗಳೂರು ಮೈಸೂರುಗಳ ಪಠ್ಯಪುಸ್ತಕಗಳಿಂದ ಬಂದದ್ದರಿಂದ ಅವು ಈ ಸೀಮೆಗೆ ಹೊರಗಿನವು ಎಂಬ ಭಾವನೆ ಮೂಡಿದ್ದರೆ ಆಶ್ಚರ್ಯವಿಲ್ಲ. ಆದರೆ ಈ ಪದಗಳನ್ನೇ ಹಿಡಿದು, ಅಂಕಗಣಿತಕ್ಕೇ ಮೀಸಲಾದ ಒಂದು ಸಮಗ್ರ ಗ್ರಂಥವನ್ನು ರಚಿಸಿದವನು ಇದೇ ಸೀಮೆಯನ್ನು ಆಳಿದ ಅರಸನೊಬ್ಬನ ಕಾಲದವನು. ಅವನು ಮಹಾವೀರಾಚಾರ್ಯ, ಗ್ರಂಥ ಗಣಿತಸಾರಸಂಗ್ರಹ, ಅರಸ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗ. ಹುಮನಾಬಾದಿನಿಂದ ದಕ್ಷಿಣಕ್ಕೆ ಕಲಬುರಗಿಯನ್ನು ದಾಟಿದರೆ ಕಾಗಿಣಾ ನದಿಯ ದಂಡೆಯ ಮಳಖೇಡ, ಅಂದರೆ ಅಂದಿನ ಮಾನ್ಯಖೇಟ, ಸಿಗುತ್ತದೆ. ಪದಗಳು ಈ ಸೀಮೆಗೆ ಬರಲಿಲ್ಲ, ಮರಳಿದವು ಎಂದು ಹೇಳುವುದೇ ಸರಿ.

ಮಹಾವೀರಾಚಾರ್ಯನ ಜೀವನಚರಿತ್ರೆಯನ್ನು ಬರೆಯಹೊರಟವನಿಗೆ ದೊರೆಯುವ ಸಾಮಗ್ರಿ ಅತ್ಯಲ್ಪ. ತಂದೆ ತಾಯಿ, ಹುಟ್ಟೂರು, ಗುರುಪರಂಪರೆ ಯಾವುದನ್ನೂ ಅವನು ತನ್ನ ಗ್ರಂಥದಲ್ಲಿ ಹೇಳಿಕೊಂಡಿಲ್ಲ. ಪಂಪ, ರನ್ನರು ತಮ್ಮ ವಂಶ ಮತ್ತು ಊರುಗಳನ್ನು ಹೆಮ್ಮೆಯಿಂದ ಹೇಳಿಕೊಂಡ ಪರಂಪರೆಯನ್ನು ಬಲ್ಲ ನಮಗೆ ಈ ಮೌನ ಎದ್ದುಕಾಣುತ್ತದೆ. ಅವನು ಹೇಳುವುದು ಎರಡೇ ಸಂಗತಿ. ಒಂದು, ತನ್ನ ಹೆಸರಿನವನೇ ಆದ ಮಹಾವೀರ ತೀರ್ಥಂಕರನಿಗೆ ಸಲ್ಲಿಸುವ ವಂದನೆ. ಆ ವಂದನೆಯಲ್ಲಿಯೂ ಜಿನನನ್ನು ಅವನು ಸಂಖ್ಯಾಜ್ಞಾನದ ಬೆಳಕಾಗಿ ಕಾಣುತ್ತಾನೆ. ಇನ್ನೊಂದು, ಅಮೋಘವರ್ಷನ ಪ್ರಶಂಸೆ. ಸ್ಯಾದ್ವಾದವನ್ನು ಒಪ್ಪಿದ, ಪ್ರಜೆಗಳಿಗೆ ಬಾಧೆಯಿಲ್ಲದಂತೆ ಆಳುವ ಅರಸನೆಂದು ಅವನನ್ನು ಹೊಗಳಿ, ಅವನ ರಾಜ್ಯ ಏಳ್ಗೆ ಹೊಂದಲಿ ಎಂದು ಹಾರೈಸುತ್ತಾನೆ. ಹಾರೈಕೆ ಇರುವುದರಿಂದ ಗ್ರಂಥ ರಚನೆಯಾದಾಗ ಅರಸ ಬದುಕಿದ್ದನೆಂದು ತಿಳಿಯಬೇಕು. ಅಮೋಘವರ್ಷನ ಆಳ್ವಿಕೆ ಸುಮಾರು 814ರಿಂದ 878ರವರೆಗಿನದು. ಗ್ರಂಥದ ಕಾಲವನ್ನು ವಿದ್ವಾಂಸರು ಸಾಮಾನ್ಯವಾಗಿ ಸುಮಾರು 850 ಎಂದು ಇಟ್ಟುಕೊಳ್ಳುತ್ತಾರೆ.

ಅದು ಎಂತಹ ಕಾಲ ಎಂಬುದು ಕನ್ನಡ ಅಧ್ಯಾಪಕರಿಗೆ ವಿವರಿಸಬೇಕಾದ ವಿಷಯವಲ್ಲ. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡಿನ ಎಲ್ಲೆಯನ್ನು ಗುರುತಿಸಿದ ಕವಿರಾಜಮಾರ್ಗ ಹುಟ್ಟಿದ್ದು ಅದೇ ಅರಸನ ಆಸ್ಥಾನದಲ್ಲಿ. ಶಾಕಟಾಯನ ತನ್ನ ವ್ಯಾಕರಣದ ವೃತ್ತಿಗೆ ಅರಸನ ಹೆಸರನ್ನೇ ಇಟ್ಟದ್ದು, ಜಿನಸೇನ 837ರಲ್ಲಿ ಜಯಧವಲಾ ಟೀಕೆಯನ್ನು ಮುಗಿಸಿದ್ದು ಅದೇ ಆಳ್ವಿಕೆಯಲ್ಲಿ. ಜಿನಸೇನನ ಗುರು ವೀರಸೇನನ ಧವಲಾ ಟೀಕೆ ಗಣಿತದ ದೃಷ್ಟಿಯಿಂದಲೂ ಮುಖ್ಯವಾದದ್ದು. ಜೀವರಾಶಿಗಳ ಅಪಾರ ಸಂಖ್ಯೆಯನ್ನು ಹೇಳಲು ಜೈನ ಶಾಸ್ತ್ರಕಾರರು ವರ್ಗದ ವರ್ಗ, ಅದರ ವರ್ಗ ಎಂದು ಏರುತ್ತ ಹೋಗುವ ಕ್ರಮವನ್ನು ಬಳಸಿದರು. ಎಷ್ಟು ಬಾರಿ ವರ್ಗ ಮಾಡಬೇಕು ಎಂಬುದಕ್ಕೆ ವರ್ಗಶಲಾಕಾ ಎಂಬ ಪ್ರತ್ಯೇಕ ಹೆಸರನ್ನೇ ಕೊಟ್ಟರು. ಆ ಟೀಕೆಗಳ ತಾಳೆಗರಿಗಳು ಮೂಡುಬಿದಿರೆಯಲ್ಲಿ ಹಳಗನ್ನಡ ಲಿಪಿಯಲ್ಲಿಯೇ ಉಳಿದುಬಂದವು. ಮಹಾವೀರಾಚಾರ್ಯ ಈ ಪರಿಸರದವನು. ಮಾತುಮಾತಿಗೆ ವರ್ಗ, ವರ್ಗಮೂಲಗಳನ್ನು ಎತ್ತುವ ಸಮುದಾಯವೊಂದು ಸುತ್ತಲೂ ಇದ್ದಾಗ ಅವುಗಳ ನಿಯಮಗಳನ್ನು ಒಂದೆಡೆ ಕೂಡಿಸುವ ಕೆಲಸಕ್ಕೆ ಬೇಡಿಕೆ ಇದ್ದೇ ಇರುತ್ತದೆ. ತನ್ನ ಗ್ರಂಥಕ್ಕೆ ಅವನು ಸಂಗ್ರಹ ಎಂದು ಹೆಸರಿಟ್ಟದ್ದು ಬರಿಯ ವಿನಯವಲ್ಲ. ಆರ್ಯಭಟ (499) ಮತ್ತು ಬ್ರಹ್ಮಗುಪ್ತ (628) ಗಣಿತವನ್ನು ಜ್ಯೋತಿಷ ಸಿದ್ಧಾಂತದೊಳಗಿನ ಒಂದು ಭಾಗವಾಗಿ ಬರೆದರು. ಮಹಾವೀರಾಚಾರ್ಯ ಗ್ರಹಗತಿಯನ್ನು ಬಿಟ್ಟು ಗಣಿತವೊಂದನ್ನೇ ಎತ್ತಿಕೊಂಡ. ಲೌಕಿಕ, ವೈದಿಕ ವ್ಯವಹಾರಗಳಿಂದ ಹಿಡಿದು ಸಂಗೀತ, ನಾಟಕ, ಅಡುಗೆ, ವೈದ್ಯ, ವಾಸ್ತು, ಛಂದಸ್ಸು, ಅಲಂಕಾರ, ಕಾವ್ಯ, ತರ್ಕ, ವ್ಯಾಕರಣಗಳವರೆಗೆ ಎಲ್ಲೆಲ್ಲಿ ಗಣಿತ ಬೇಕಾಗುತ್ತದೆ ಎಂಬ ಅವನ ಪಟ್ಟಿಯನ್ನು ಓದಿದರೆ, ಅವನು ಕಣ್ಣಮುಂದಿಟ್ಟುಕೊಂಡ ಓದುಗ ಜ್ಯೋತಿಷಿಯಲ್ಲ, ಬಹುಶಃ ನಮ್ಮಂತಹವರೂ ಆಗಿದ್ದಿರಬೇಕು ಎನಿಸುತ್ತದೆ.

ಇಲ್ಲಿ ಒಂದು ಮಾತು ಹೇಳಬೇಕು. ಆ ಶಾಸ್ತ್ರದಲ್ಲಿ ವರ್ಗಕ್ಕೆ ಕೃತಿ ಎಂಬ ಇನ್ನೊಂದು ಹೆಸರಿದೆ; ವರ್ಗಮೂಲಕ್ಕೆ ಪದ ಎಂಬ ಹೆಸರಿದೆ. ಕನ್ನಡ ವಿಭಾಗಗಳಲ್ಲಿ ದಿನಕ್ಕೆ ಹತ್ತು ಬಾರಿ ಬಳಕೆಯಾಗುವ ಈ ಎರಡು ಪದಗಳು ಗಣಿತದಲ್ಲಿ ಏನನ್ನು ಹೇಳುತ್ತಿದ್ದವೆಂಬುದನ್ನು ನಾವು ಮರೆತಿದ್ದೇವೆ.

ಗ್ರಂಥದಲ್ಲಿ ಒಂಬತ್ತು ಅಧಿಕಾರಗಳಿವೆ. ಮೊದಲನೆಯದು ಸಂಜ್ಞೆ, ಅಂದರೆ ಪರಿಭಾಷೆ. ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳ ಹೆಸರು ಅಲ್ಲಿದೆ. ಎರಡನೆಯದಾದ ಪರಿಕರ್ಮ ವ್ಯವಹಾರದಲ್ಲಿ ಎಂಟು ಕ್ರಿಯೆಗಳು: ಗುಣಾಕಾರ, ಭಾಗಾಕಾರ, ವರ್ಗ, ವರ್ಗಮೂಲ, ಘನ, ಘನಮೂಲ, ಶ್ರೇಢಿಯ ಮೊತ್ತ, ಶ್ರೇಢಿಯಿಂದ ಕಳೆಯುವುದು. ಸಾಮಾನ್ಯ ಕೂಡುವುದು ಕಳೆಯುವುದಕ್ಕೆ ಅವನು ಜಾಗವನ್ನೇ ಕೊಟ್ಟಿಲ್ಲ. ಅದು ಬಾರದವನು ಈ ಗ್ರಂಥವನ್ನು ತೆರೆಯುವುದಿಲ್ಲ ಎಂದುಕೊಂಡಿರಬೇಕು.

ವರ್ಗ ಎಂದರೇನು ಎಂಬುದನ್ನು ಅವನು ಒಂದೇ ಬಗೆಯಲ್ಲಿ ಹೇಳಿ ಮುಗಿಸುವುದಿಲ್ಲ. ಸಮವಾದ ಎರಡು ರಾಶಿಗಳ ಗುಣಲಬ್ಧ ಎಂಬುದು ಮೊದಲ ದಾರಿ. ಎರಡನೆಯದರಲ್ಲಿ, ಸಂಖ್ಯೆಗೆ ನಮಗೆ ಅನುಕೂಲವಾದ ಬೇರೊಂದು ಸಂಖ್ಯೆಯನ್ನು ಒಮ್ಮೆ ಕೂಡಿಸಿ, ಒಮ್ಮೆ ಕಳೆದು, ಬಂದ ಎರಡನ್ನೂ ಗುಣಿಸಿ, ಕೊನೆಗೆ ಆ ಅನುಕೂಲದ ಸಂಖ್ಯೆಯ ವರ್ಗವನ್ನು ಸೇರಿಸಬೇಕು. 97ರ ವರ್ಗ ಬೇಕಾದರೆ 3ನ್ನು ಆರಿಸಿಕೊಂಡು 100ನ್ನು 94ರಿಂದ ಗುಣಿಸಿ 9 ಸೇರಿಸಿದರೆ 9409 ಸಿಗುತ್ತದೆ. ಕಾಗದದ ಅಗತ್ಯವೂ ಬೀಳುವುದಿಲ್ಲ. ಮೂರನೆಯ ದಾರಿ ಎಲ್ಲಕ್ಕಿಂತ ಸೊಗಸಾದದ್ದು. ಆದಿ 1, ಚಯ 2 ಇರುವ ಶ್ರೇಢಿಯಲ್ಲಿ ಸಂಖ್ಯೆ ಎಷ್ಟೋ ಅಷ್ಟು ಪದಗಳನ್ನು ಕೂಡಿಸಿದರೆ ಅದೇ ವರ್ಗ. 1, 3, 5, 7, 9, 11 ಈ ಆರು ಬೆಸ ಸಂಖ್ಯೆಗಳ ಮೊತ್ತ 36, ಅಂದರೆ ಆರರ ವರ್ಗ. ಕಲ್ಲುಹರಳುಗಳನ್ನು ಚೌಕವಾಗಿ ಜೋಡಿಸಿ, ಎರಡು ಅಂಚುಗಳಿಗೆ ಹೊಸ ಸಾಲು ಸೇರಿಸುತ್ತ ಹೋದರೆ ಪ್ರತಿ ಸಲವೂ ಹಿಂದಿನದಕ್ಕಿಂತ ಎರಡು ಹರಳು ಹೆಚ್ಚು ಬೇಕಾಗುವುದನ್ನು ಮಗುವೂ ಕಾಣಬಲ್ಲದು. ನಾಲ್ಕನೆಯದು, ಸಂಖ್ಯೆಯನ್ನು ಭಾಗಗಳಾಗಿ ಒಡೆದು, ಪ್ರತಿ ಭಾಗದ ವರ್ಗಕ್ಕೆ ಎರಡೆರಡು ಭಾಗಗಳ ಗುಣಲಬ್ಧದ ಇಮ್ಮಡಿಯನ್ನು ಸೇರಿಸುವುದು. ಇವುಗಳಲ್ಲಿ ಯಾವುದೂ ಅವನೊಬ್ಬನದೇ ಆವಿಷ್ಕಾರವೆಂದು ಹೇಳಬೇಕಾಗಿಲ್ಲ. ಒಂದೇ ವಸ್ತುವನ್ನು ನಾಲ್ಕು ಕಡೆಯಿಂದ ತೋರಿಸುವ ಬೋಧಕನ ಮನೋಧರ್ಮ ಅವನದು ಎಂಬುದೇ ಇಲ್ಲಿ ಮುಖ್ಯ. ಅವನ ವ್ಯಕ್ತಿತ್ವದ ಬಗ್ಗೆ ನಮಗೆ ದೊರೆಯುವ ಮೊದಲ ಸಾಕ್ಷ್ಯ ಇದು.

ಎರಡನೆಯ ಸಾಕ್ಷ್ಯ ಅವನ ವಿನೋದಪ್ರಜ್ಞೆ. ಗುಣಾಕಾರದ ಲೆಕ್ಕಗಳಲ್ಲಿ ಉತ್ತರವು ಕೊರಳಹಾರದಂತೆ ಎರಡೂ ಕಡೆಯಿಂದ ಒಂದೇ ಬಗೆಯಾಗಿ ಓದಿಸಿಕೊಳ್ಳುವ ಸಂಖ್ಯೆಗಳನ್ನು ಅವನು ಆರಿಸಿ ಇಟ್ಟಿದ್ದಾನೆ. 139ನ್ನು 109ರಿಂದ ಗುಣಿಸಿದರೆ 15151. 12345679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳ ಸಾಲು. ಈ ಹಾರಗಳಲ್ಲಿ 27994681 × 441 = 12345654321 ಎಂಬುದು ವಿಶೇಷವಾಗಿ ಗಮನಿಸಬೇಕಾದದ್ದು. ಒಂದರಿಂದ ಆರರವರೆಗೆ ಏರಿ, ಮತ್ತೆ ಒಂದಕ್ಕೆ ಇಳಿಯುವ ಈ ಸಂಖ್ಯೆ 111111ರ ವರ್ಗ. ಅಷ್ಟೇ ಅಲ್ಲ, 441 ಎಂಬುದು 21ರ ವರ್ಗ. 27994681 ಎಂಬುದು 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111. ಎರಡು ವರ್ಗಗಳ ಗುಣಲಬ್ಧ ಯಾವಾಗಲೂ ವರ್ಗವೇ ಆಗಿರುತ್ತದೆ ಎಂಬ ತತ್ತ್ವ ಈ ಹಾರದ ದಾರವಾಗಿದೆ.

5291 ಎಂಬುದು ಹೇಗೆ ಸಿಕ್ಕಿತೆಂದು ಕೇಳುವವರಿಗೆ ಅವನ ವರ್ಗಮೂಲದ ನಿಯಮವನ್ನೇ ಉತ್ತರವಾಗಿ ಕೊಡಬಹುದು. ಬಿಡಿಸ್ಥಾನದಿಂದ ಎಣಿಸುತ್ತ ಬೆಸ ಮತ್ತು ಸಮ ಸ್ಥಾನಗಳನ್ನು ಗುರುತಿಸಿಕೊಳ್ಳಬೇಕು. 27994681ರಲ್ಲಿ ಕೊನೆಯ ಬೆಸ ಸ್ಥಾನದವರೆಗೆ ಇರುವುದು 27. ಅದರಲ್ಲಿ ಕಳೆಯಬಹುದಾದ ಅತಿ ದೊಡ್ಡ ವರ್ಗ 25. ಮೂಲ 5, ಶೇಷ 2. ಮುಂದಿನ ಅಂಕವನ್ನು ಇಳಿಸಿದರೆ 29. ಈವರೆಗಿನ ಮೂಲದ ಇಮ್ಮಡಿಯಾದ 10ರಿಂದ ಭಾಗಿಸಿದರೆ 2, ಶೇಷ 9. ಮತ್ತೊಂದು ಅಂಕ ಇಳಿಸಿದರೆ 99; ಅದರಿಂದ 2ರ ವರ್ಗ 4ನ್ನು ಕಳೆದರೆ 95. ಮೂಲ ಈಗ 52. ಮುಂದಿನ ಅಂಕ ಸೇರಿ 954. 52ರ ಇಮ್ಮಡಿ 104ರಿಂದ ಭಾಗಿಸಿದರೆ 9, ಶೇಷ 18. ಮುಂದಿನ ಅಂಕ ಸೇರಿ 186. 9ರ ವರ್ಗ 81 ಕಳೆದರೆ 105. ಮೂಲ 529. ಮುಂದಿನ ಅಂಕ ಸೇರಿ 1058. 529ರ ಇಮ್ಮಡಿಯೂ 1058, ಆದ್ದರಿಂದ ಭಾಗಲಬ್ಧ 1, ಶೇಷ ಇಲ್ಲ. ಕೊನೆಯ ಅಂಕ 1. ಅದರಿಂದ 1ರ ವರ್ಗ ಕಳೆದರೆ ಸೊನ್ನೆ. ಮೂಲ 5291. ಒಮ್ಮೆ ಭಾಗಿಸು, ಒಮ್ಮೆ ವರ್ಗ ಕಳೆ ಎಂಬ ಈ ಸರದಿಯನ್ನು ಆರ್ಯಭಟನೇ ಹೇಳಿದ್ದ. ವರ್ಗ ಮಾಡುವಾಗ ಭಾಗಗಳ ಗುಣಲಬ್ಧದ ಇಮ್ಮಡಿಯನ್ನು ಸೇರಿಸಿದ್ದನ್ನೇ ಮೂಲ ತೆಗೆಯುವಾಗ ಒಂದೊಂದಾಗಿ ಬಿಚ್ಚುತ್ತೇವೆ. ಭಾಗಾಕಾರದ ರೂಪ ಬದಲಾಗಿದ್ದರೂ ಇಂದಿನ ಕನ್ನಡ ಶಾಲೆಗಳಲ್ಲಿ ಕಲಿಸುವ ವರ್ಗಮೂಲ ಕ್ರಮದ ಜೀವಾಳ ಇದೇ.

ನಾಲ್ಕನೆಯ ಅಧಿಕಾರವಾದ ಪ್ರಕೀರ್ಣಕದಲ್ಲಿ ಮೂಲವು ಕಥೆಯೊಳಗೆ ಸೇರಿಕೊಳ್ಳುತ್ತದೆ. ಅಲ್ಲಿ ಹೇಳಿರುವ ಹತ್ತು ಬಗೆಯ ಲೆಕ್ಕಗಳಲ್ಲಿ ಐದರ ಹೆಸರಿನಲ್ಲಿಯೇ ಮೂಲ ಎಂಬ ಶಬ್ದವಿದೆ. ಒಂದು ಲೆಕ್ಕ ಒಂಟೆಗಳ ಹಿಂಡಿನದು. ಹಿಂಡಿನ ಕಾಲುಭಾಗ ಕಾಡಿನಲ್ಲಿ ಕಂಡಿತು, ಹಿಂಡಿನ ವರ್ಗಮೂಲದ ಇಮ್ಮಡಿಯಷ್ಟು ಬೆಟ್ಟದ ಇಳಿಜಾರಿಗೆ ಹೋದವು, ಹದಿನೈದು ಹೊಳೆಯ ದಂಡೆಯಲ್ಲಿ ಉಳಿದವು. ಹಿಂಡು ಎಷ್ಟು ದೊಡ್ಡದು ಎಂಬುದು ಪ್ರಶ್ನೆ. ಉತ್ತರ 36: ಕಾಡಿನಲ್ಲಿ 9, ಬೆಟ್ಟದಲ್ಲಿ 12, ದಂಡೆಯಲ್ಲಿ 15. ಇಂದಿನ ರೀತಿಯಲ್ಲಿ ಬಿಡಿಸಿದರೆ ಮೂಲಕ್ಕೆ ಎರಡು ಬೆಲೆಗಳು ಬರುತ್ತವೆ, ಒಂದು ಧನ 6, ಇನ್ನೊಂದು ಋಣ. ಋಣ ಬೆಲೆಯ ವರ್ಗ ಪೂರ್ಣಸಂಖ್ಯೆಯೂ ಅಲ್ಲ; ಒಂಟೆಗಳನ್ನು ಒಂಬತ್ತನೆಯ ಒಂದಂಶಗಳಾಗಿ ಕತ್ತರಿಸಲು ಬರುವುದಿಲ್ಲ. ಆದ್ದರಿಂದ 6ನ್ನೇ ಹಿಡಿಯಬೇಕು.

ಆದರೆ ಋಣ ಮೂಲವೊಂದು ಇರುತ್ತದೆ ಎಂಬುದನ್ನು ಮಹಾವೀರಾಚಾರ್ಯ ಅರಿಯದವನಲ್ಲ. ಮೊದಲ ಅಧಿಕಾರದಲ್ಲಿಯೇ ಅವನು ಧನದ ವರ್ಗವೂ ಋಣದ ವರ್ಗವೂ ಧನವೇ ಎಂದೂ, ಹಾಗಾಗಿ ವರ್ಗಕ್ಕೆ ಧನಮೂಲ ಋಣಮೂಲ ಎರಡೂ ಉಂಟೆಂದೂ ಹೇಳುತ್ತಾನೆ. ಅದರ ಬೆನ್ನಿಗೇ ಬರುವ ಮಾತು ಅವನಿಗೆ ಗಣಿತದ ಇತಿಹಾಸದಲ್ಲಿ ಪ್ರತ್ಯೇಕ ಸ್ಥಾನ ಕೊಟ್ಟಿದೆ. ಋಣಸಂಖ್ಯೆ ಸ್ವಭಾವತಃ ವರ್ಗವಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ. ಋಣ ಮತ್ತು ಶೂನ್ಯಗಳ ನಿಯಮಗಳನ್ನು ಬ್ರಹ್ಮಗುಪ್ತ ಆಗಲೇ ಹೇಳಿದ್ದ. ಆದರೆ ಈ ಪ್ರಶ್ನೆಯನ್ನು ಎತ್ತಿ, ಇಲ್ಲ ಎಂಬ ಉತ್ತರವನ್ನು ಕಾರಣಸಹಿತ ಕೊಟ್ಟವರಲ್ಲಿ ಇತಿಹಾಸಕಾರರು ಮೊದಲಿಗನೆಂದು ಹೆಸರಿಸುವುದು ಮಹಾವೀರಾಚಾರ್ಯನನ್ನು.

ಈ ಮಾತನ್ನು ಹಿಡಿದು ಅವನು ಕಾಲ್ಪನಿಕ ಸಂಖ್ಯೆಗಳನ್ನು ಆಗಲೇ ಕಂಡಿದ್ದನೆಂದು ಬರೆಯುವವರಿದ್ದಾರೆ. ಇದು ಅವನಿಗೆ ಗೌರವ ತರುವ ಮಾತಲ್ಲ. ಅವನು ಬಾಗಿಲು ತೆರೆಯಲಿಲ್ಲ, ಮುಚ್ಚಿದ. ಮತ್ತು ಅವನ ಕೈಯಲ್ಲಿದ್ದ ಸಂಖ್ಯೆಗಳ ಮಟ್ಟಿಗೆ ಮುಚ್ಚಿದ್ದೇ ಸರಿಯಾಗಿತ್ತು. ಇಟಲಿಯ ಕಾರ್ಡಾನೊ 1545ರಲ್ಲಿ ಹತ್ತನ್ನು ಎರಡು ಭಾಗ ಮಾಡಿ ಗುಣಲಬ್ಧ ನಲವತ್ತು ಬರಬೇಕೆಂಬ ಲೆಕ್ಕದಲ್ಲಿ ಋಣ ಹದಿನೈದರ ಮೂಲವನ್ನು ಬರೆದಾಗ, ಅದು ತನಗೇ ನಿರುಪಯುಕ್ತವೆಂದು ತೋರಿತು. ಅದಕ್ಕೆ ಗುಣಾಕಾರದ ನಿಯಮಗಳು ದೊರೆತದ್ದು 1572ರಲ್ಲಿ, ಬೊಂಬೆಲ್ಲಿಯ ಗ್ರಂಥದಲ್ಲಿ. ಏಳು ಶತಮಾನಗಳ ಅಂತರವನ್ನು ಅಭಿಮಾನದಿಂದ ಅಳಿಸುವುದಕ್ಕಿಂತ, ಒಂದು ಕ್ರಿಯೆ ಎಲ್ಲಿ ನಿಲ್ಲುತ್ತದೆ ಎಂದು ಹೇಳುವ ಧೈರ್ಯವನ್ನು ಗುರುತಿಸುವುದು ಮೇಲು. ಎಲ್ಲದಕ್ಕೂ ನಿಯಮ ಕೊಡಬೇಕೆಂಬ ಸಂಗ್ರಹಕಾರನ ಆಸೆಗೆ ಅವನು ಅಲ್ಲಿ ಒಳಗಾಗಲಿಲ್ಲ.

ಶೂನ್ಯದ ಭಾಗಾಕಾರದಲ್ಲಿ ಮಾತ್ರ ಒಳಗಾದ. ಸಂಖ್ಯೆಯನ್ನು ಶೂನ್ಯದಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆ ಎಂಬ ಅವನ ನಿಯಮ ತಪ್ಪು. ಭಾಗಿಸಲು ಯಾರೂ ಇಲ್ಲದಿದ್ದರೆ ವಸ್ತು ಹಾಗೆಯೇ ಉಳಿಯಿತು ಎಂಬ ಲೋಕವ್ಯವಹಾರದ ತರ್ಕ ಇದರ ಹಿಂದಿರಬಹುದು. ಋಣದ ಮೂಲವನ್ನು ನಿರಾಕರಿಸಿದಂತೆಯೇ ಇದನ್ನೂ ನಿರಾಕರಿಸಿದ್ದರೆ ಸಾಕಿತ್ತು. ಇವೆರಡೂ ನಿಯಮಗಳು ಮೊದಲ ಅಧಿಕಾರದಲ್ಲಿ ಹತ್ತಿರ ಹತ್ತಿರದಲ್ಲಿಯೇ ಇವೆ. ಅವನ ಬುದ್ಧಿಯ ಬಲವನ್ನೂ ಮಿತಿಯನ್ನೂ ಒಟ್ಟಿಗೆ ತೋರಿಸುವ ಬೇರೆ ಸ್ಥಳ ಗ್ರಂಥದಲ್ಲಿಲ್ಲ.

ಅವನು ಯಾವಾಗ, ಎಲ್ಲಿ ತೀರಿಕೊಂಡನೆಂಬುದಕ್ಕೆ ದಾಖಲೆಯಿಲ್ಲ. ಗ್ರಂಥದ ಮುಂದಿನ ನಡೆಯಷ್ಟೇ ಅವನ ಬದುಕಿನ ಉತ್ತರಾರ್ಧ. 973ರಲ್ಲಿ ಇಮ್ಮಡಿ ತೈಲಪ ರಾಷ್ಟ್ರಕೂಟರನ್ನು ಸೋಲಿಸಿದ. ಹನ್ನೊಂದನೆಯ ಶತಮಾನದ ನಡುವೆ ಒಂದನೆಯ ಸೋಮೇಶ್ವರ ರಾಜಧಾನಿಯನ್ನು ಮಾನ್ಯಖೇಟದಿಂದ ಕಲ್ಯಾಣಕ್ಕೆ ತಂದ. ಹುಮನಾಬಾದ ತಾಲ್ಲೂಕಿನ ಜಲಸಂಗಿಯಲ್ಲಿ ಶಾಸನ ಬರೆಯುತ್ತಿರುವ ಶಿಲಾಬಾಲಿಕೆಯನ್ನು ಕಂಡರಿಸಿದ್ದು ಈ ಚಾಲುಕ್ಯರ ಕಾಲದಲ್ಲಿಯೇ. ಮತ್ತರು, ಕಮ್ಮಗಳಲ್ಲಿ ಭೂಮಿಯನ್ನು ಅಳೆದು ದತ್ತಿ ಬಿಡುತ್ತಿದ್ದ ಆ ಶಾಸನಗಳ ಹಿಂದೆ ಅಳತೆಗೋಲಿನ ಉದ್ದವನ್ನು ಕ್ಷೇತ್ರಫಲವಾಗಿ ಮಾರ್ಪಡಿಸಬಲ್ಲ ಲೆಕ್ಕಿಗರು ಇದ್ದರು. ಡಂಬಳದ ದೊಡ್ಡಬಸಪ್ಪ ಗುಡಿಯಂತಹ ನಕ್ಷತ್ರಾಕಾರದ ತಳವಿನ್ಯಾಸವನ್ನು ಚೌಕವೊಂದನ್ನು ನಡುಬಿಂದುವಿನ ಸುತ್ತ ತಿರುಗಿಸುತ್ತ ಪಡೆಯುತ್ತಿದ್ದರು. ಚೌಕದ ಕರ್ಣ ಎಂದರೆ ಎರಡರ ಮೂಲವೇ.

ಪೂರ್ವದ ಆಂಧ್ರ ನಾಡಿನಲ್ಲಿ ಪಾವುಲೂರಿ ಮಲ್ಲನ ಗಣಿತಸಾರಸಂಗ್ರಹವನ್ನು ತೆಲುಗು ಪದ್ಯಕ್ಕೆ ತಂದ. ಕನ್ನಡದಲ್ಲಿ ಹನ್ನೆರಡನೆಯ ಶತಮಾನದ ರಾಜಾದಿತ್ಯ ವ್ಯವಹಾರಗಣಿತ, ಕ್ಷೇತ್ರಗಣಿತ ಮುಂತಾದವನ್ನು ಬರೆದು ಗಣಿತವನ್ನು ಕನ್ನಡದ ಶಾಸ್ತ್ರವಾಗಿಸಿದ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯ ಆಳುತ್ತಿದ್ದ 1114ರಲ್ಲಿ ಹುಟ್ಟಿದ ಭಾಸ್ಕರಾಚಾರ್ಯ, 1150ರ ತನ್ನ ಸಿದ್ಧಾಂತಶಿರೋಮಣಿಯಲ್ಲಿ ಶೂನ್ಯದಿಂದ ಭಾಗಿಸಿದ ರಾಶಿಯನ್ನು ಅನಂತವೆಂದು ಕರೆದು ಆ ತಪ್ಪಿನಿಂದ ದೂರ ಸರಿದ. ಋಣಕ್ಕೆ ಮೂಲವಿಲ್ಲ ಎಂಬುದನ್ನು ಮಾತ್ರ ಹಾಗೆಯೇ ಉಳಿಸಿಕೊಂಡ, ಕಾರಣವನ್ನೂ ಬದಲಿಸಲಿಲ್ಲ.

ಮೂಲ ಎಂಬ ಪದದ ಪ್ರಯಾಣವೂ ಕುತೂಹಲಕರ. ಅಮೋಘವರ್ಷ ಪಟ್ಟಕ್ಕೆ ಬಂದ ಹೊತ್ತಿನಲ್ಲಿ ಬಾಗ್ದಾದಿನಲ್ಲಿ ಖಲೀಫ ಅಲ್ ಮಾಮೂನನ ಆಳ್ವಿಕೆ. ಅಲ್ ಖ್ವಾರಿಜ್ಮಿ ಬೀಜಗಣಿತವನ್ನು ಬರೆದದ್ದು ಅವನ ಕಾಲದಲ್ಲಿ. ಅರಬ್ಬಿಯಲ್ಲಿ ವರ್ಗಮೂಲಕ್ಕೆ ಬಳಸಿದ ಪದದ ಅರ್ಥವೂ ಬೇರು ಎಂದೇ. ಅದು ಸಂಸ್ಕೃತದ ಮೂಲ ಶಬ್ದದ ಅನುವಾದವೆಂದು ಕೆಲವು ವಿದ್ವಾಂಸರ ಅಭಿಪ್ರಾಯ. ಅದೇ ಅರಬ್ಬಿ ಪದ ಉರ್ದುವಿನ ಮೂಲಕ ಜಜ್ರ್ ಆಗಿ ಕಲ್ಯಾಣಿಯ ಶಾಲೆಗೆ ಬಂದದ್ದು. ಆ ಅಭಿಪ್ರಾಯ ನಿಜವಾದರೆ, ನಿಜಾಮರ ಕಾಲದ ವಿದ್ಯಾರ್ಥಿ ಅರಿಯದೆಯೇ ತನ್ನ ಸೀಮೆಯ ಪದದ ಭಾಷಾಂತರವನ್ನೇ ಬಾಯಿಪಾಠ ಮಾಡುತ್ತಿದ್ದ.

ಮಹಾವೀರಾಚಾರ್ಯ ಕನ್ನಡಿಗನೇ ಎಂಬ ಪ್ರಶ್ನೆಯನ್ನು ಜನ್ಮಸ್ಥಳದ ಮೇಲೆ ತೀರ್ಮಾನಿಸಲು ಬರುವುದಿಲ್ಲ. ಅವನು ಬರೆದದ್ದು ಸಂಸ್ಕೃತದಲ್ಲಿ. ಆ ಕಾರಣಕ್ಕೇ ಕನ್ನಡ ವಿಭಾಗಗಳು ಅವನನ್ನು ಸಂಸ್ಕೃತದವರಿಗೆ ಬಿಟ್ಟವು, ಸಂಸ್ಕೃತ ವಿಭಾಗಗಳು ಗಣಿತದವರಿಗೆ ಬಿಟ್ಟವು. ಆದರೆ ಗ್ರಂಥ ಬದುಕಿದ್ದು ಎಲ್ಲಿ ಎಂದು ಕೇಳಿದರೆ ಉತ್ತರ ಸ್ಪಷ್ಟವಾಗುತ್ತದೆ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಂಸ್ಕೃತ ಪ್ರಾಧ್ಯಾಪಕ ಎಂ. ರಂಗಾಚಾರ್ಯರು ಅದರ ಸಂಪಾದನೆಗೆ ತೊಡಗಿದಾಗ ಅವರ ಕೈಸೇರಿದ ಪ್ರತಿಗಳಲ್ಲಿ ಕನ್ನಡ ಲಿಪಿಯವು ಇದ್ದವು, ಕನ್ನಡ ವ್ಯಾಖ್ಯಾನವಿರುವುವೂ ಇದ್ದವು. ಆ ವ್ಯಾಖ್ಯಾನಕಾರರಲ್ಲಿ ವಲ್ಲಭನೆಂಬವನ ಹೆಸರು ಉಳಿದಿದೆ. 1908ರಲ್ಲಿ ರೋಮಿನಲ್ಲಿ ನಡೆದ ಗಣಿತಜ್ಞರ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಅಮೆರಿಕದ ಡೇವಿಡ್ ಯೂಜೀನ್ ಸ್ಮಿತ್ ಈ ಗ್ರಂಥವನ್ನು ಪರಿಚಯಿಸಿದರು. 1912ರಲ್ಲಿ ರಂಗಾಚಾರ್ಯರ ಆವೃತ್ತಿ ಇಂಗ್ಲಿಷ್ ಅನುವಾದದೊಂದಿಗೆ ಮದರಾಸಿನಲ್ಲಿ ಅಚ್ಚಾಯಿತು. 1963ರಲ್ಲಿ ಸೋಲಾಪುರದ ಜೀವರಾಜ ಜೈನ ಗ್ರಂಥಮಾಲೆಯಿಂದ ಎಲ್. ಸಿ. ಜೈನ್ ಅವರ ಹಿಂದಿ ಅನುವಾದ ಹೊರಬಂದಿತು. 2000ರಲ್ಲಿ ಹೊಂಬುಜ ಜೈನ ಮಠದ ಸಿದ್ಧಾಂತಕೀರ್ತಿ ಗ್ರಂಥಮಾಲೆಯಲ್ಲಿ ಪದ್ಮಾವತಮ್ಮನವರ ಕನ್ನಡ ಅನುವಾದ ಪ್ರಕಟವಾಯಿತು.

ಸಂಸ್ಕೃತ ಬಾರದ ಲೆಕ್ಕಿಗನಿಗೆ ಕೃತಿ, ಪದ, ಋಣ, ಶೂನ್ಯಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳುವುದು ವಲ್ಲಭನ ಕೆಲಸವಾಗಿತ್ತು. ಮೂಲವಿಲ್ಲ ಎಂಬ ಮಾತನ್ನು ಅವನು ಯಾವ ಕನ್ನಡದಲ್ಲಿ ವಿವರಿಸಿದ್ದಾನೆ ಎಂಬುದನ್ನು ನೋಡಬೇಕಾದವರು ಹಸ್ತಪ್ರತಿಶಾಸ್ತ್ರ ಬಲ್ಲ ಕನ್ನಡ ಸಂಶೋಧಕರೇ ಹೊರತು ಗಣಿತ ವಿಭಾಗದವರಲ್ಲ.